ಎದುರಿಗೆ ಓಡಿ ಬಂದವನು

ಸ್ಕ್ರೂಡ್ರೈವರ್ ಜಾರಿ ಹೆಬ್ಬೆರಳಿನ ಬುಡಕ್ಕೆ ಇಳಿದಾಗ ಮಧುಕರನಿಗೆ ನೋವಿಗಿಂತ ಮೊದಲು ಒಂದು ಬಗೆಯ ಸಮಾಧಾನವಾಯಿತು. ರಕ್ತ ಬರಲೆಂದು ಕಾದ. ಬಂತು, ಸ್ವಲ್ಪವೇ, ಗ್ರೀಸಿನೊಡನೆ ಬೆರೆತು ಕಂದುಬಣ್ಣಕ್ಕೆ ತಿರುಗಿತು. ಇಷ್ಟು ಸಾಲದು ಅನ್ನಿಸಿ, ಹಾಗನ್ನಿಸಿದ್ದಕ್ಕೆ ನಾಚಿಕೆಯಾಗಿ, ಅಂಗಿಯ ಅಂಚಿಗೆ ಒರೆಸಿಕೊಂಡ. ಲ್ಯಾವಿಂಗ್ಟನ್ ಬಡಾವಣೆಯ ಪುರುಷೋತ್ತಮರ ಮನೆಯಂಗಳದಲ್ಲಿ ಶನಿವಾರದ ಮಧ್ಯಾಹ್ನ. ಅವನು ಮಲಗಿದ್ದದ್ದು ಮೂವತ್ತು ವರ್ಷ ಹಳೆಯದಾದ ಮೋಟರ್‌ಹೋಮಿನ ಡ್ಯಾಶ್‌ಬೋರ್ಡಿನ ಕೆಳಗೆ; ತಲೆ ಒಳಗೆ, ಕಾಲುಗಳು ಬಾಗಿಲಿನಿಂದ ಹೊರಗೆ ಬಿಸಿಲಿಗೆ. ಹಿಂದುಗಡೆ ಒಲೆ, ಮಂಚ, ಪರದೆ ಎಲ್ಲ ಇರುವ ಈ ಗಾಡಿಯನ್ನು ಪುರುಷೋತ್ತಮ ಹೋದ ತಿಂಗಳು ಕೊಂಡಿದ್ದರು. ಅವರು ಎಂಬಕಸಿಯ ಔಷಧಿ ಕಾರ್ಖಾನೆಯ ಡೈರೆಕ್ಟರ್. ಮಧುಕರ ಅದೇ ಕಾರ್ಖಾನೆಯ ಮೇಂಟೆನೆನ್ಸ್ ಇಂಜಿನಿಯರ್. ಡೈರೆಕ್ಟರರ ಬಲಮಂಡಿಗೆ ಆಪರೇಷನ್ ಆಗಿತ್ತು. ಆಕ್ಸಿಲರೇಟರ್ ಮೇಲೆ ಅರ್ಧ ಗಂಟೆ ಕಾಲಿಟ್ಟರೆ ಮಂಡಿ ಊದುತ್ತಿತ್ತು. ಆದರೂ ನಾಳೆ ಮೊಂಬಾಸಾಕ್ಕೆ ತಾವೇ ಓಡಿಸಿಕೊಂಡು ಹೋಗಬೇಕೆಂಬ ಹಟ. ಹಾಗಾಗಿ ಕಾಲು ತೆಗೆದರೂ ಗಾಡಿಯನ್ನು ಒಂದೇ ವೇಗದಲ್ಲಿ ಹಿಡಿದಿಡುವ ಕ್ರೂಸ್ ಕಂಟ್ರೋಲು ರಿಪೇರಿಯಾಗಬೇಕಿತ್ತು. ಕೆಟ್ಟದ್ದು ಒಂದೇ ಭಾಗ: ಮುಷ್ಟಿಗಾತ್ರದ ರಬ್ಬರಿನ ಬುಡ್ಡೆ. ಎಂಜಿನ್ ಅದರೊಳಗಿನ ಗಾಳಿಯನ್ನು ಹೀರಿದಾಗ ಅದು ಮುದುಡಿ, ಒಂದು ಸಣ್ಣ ಸರಪಳಿಯಿಂದ ಆಕ್ಸಿಲರೇಟರನ್ನು ಎಳೆದು ಹಿಡಿಯುತ್ತದೆ. ಹಳೆಯದು ಹರಿದಿತ್ತು. ಅಪಘಾತದಲ್ಲಿ ನುಜ್ಜಾದ ಯಾವುದೋ ಜಪಾನಿ ಕಾರಿನದು ಈಗ ಅವನ ಎದೆಯ ಮೇಲೆ ಕೂತು ಅವನ ಉಸಿರಿನ ಜೊತೆ ಏಳುತ್ತ ಇಳಿಯುತ್ತ ಇತ್ತು.

“ಏನ್ರೀ ಈವ್ನಿಂಗ್ ಕಾಲೇಜು, ಎಲ್ಲಿಗೆ ಬಂತು?” ಪುರುಷೋತ್ತಮರ ಚಪ್ಪಲಿಗಳು ಬಾಗಿಲ ಬಳಿ ನಿಂತವು. ಮಧುಕರ ಹಗಲು ಲೇತ್ ತಿರುಗಿಸಿ, ಸಂಜೆ ಪಾಲಿಟೆಕ್ನಿಕ್ಕಿಗೆ ಹೋಗಿ ಡಿಪ್ಲೊಮಾ ಮಾಡಿದವನೆಂಬುದು ಅವರಿಗೆ ಹನ್ನೆರಡು ವರ್ಷಗಳಿಂದ ತಮಾಷೆಯ ವಸ್ತು. ಮೀಟಿಂಗಿನಲ್ಲಿ, ಬೆಂಗಳೂರಿನಿಂದ ಬಂದ ಹೊಸ ಹುಡುಗರ ಮುಂದೆ, ‘ಇವರು ಕತ್ತಲಲ್ಲೇ ಕಲಿತಿದ್ದು, ಬೆಳಕಲ್ಲಿ ಸ್ವಲ್ಪ ತಡವರಿಸ್ತಾರೆ’ ಎಂದು ಹೇಳಿ ನಗಿಸುತ್ತಿದ್ದರು. “ಆಯ್ತು ಸರ್, ಇನ್ನೊಂದು ಗಂಟೆ,” ಅಂದ. “ಗಂಟೆಗಂಟೆ ಹೇಳ್ತಾ ಸಾಯಂಕಾಲ ಮಾಡ್ಬೇಡಿ. ಟೆಸ್ಟ್ ಡ್ರೈವ್ ಆಗ್ಬೇಕು. ಊರ್ಮಿಳಾ, ಇವರಿಗೆ ಕಾಫಿ ಕೊಟ್ಯಾ?” ಅವರ ಹೆಂಡತಿ ಊರ್ಮಿಳಾ ಆಗಲೇ ಕೊಟ್ಟಿದ್ದಳು, ಗೇಟು ಕಾಯುವವನು ಕುಡಿಯುವ ನೀಲಿ ತಗಡಿನ ಮಗ್ಗಿನಲ್ಲಿ. ಬೇರೆ ದಿನವಾಗಿದ್ದರೆ ಆ ಮಗ್ಗು ಅವನನ್ನು ವಾರವಿಡೀ ಚುಚ್ಚುತ್ತಿತ್ತು. ಇವತ್ತು ಅದರಲ್ಲಿ ಕುಡಿಯುವುದಕ್ಕೂ ತಾನು ತಕ್ಕವನಲ್ಲ ಅನ್ನಿಸಿ ಕಾಫಿಯನ್ನು ಹಾಗೇ ಆರಲು ಬಿಟ್ಟಿದ್ದ. ಬುಡ್ಡೆಯ ಕಬ್ಬಿಣದ ಪಟ್ಟಿಯ ಸಂದಿಯಲ್ಲಿ ಒಣಗಿದ್ದ ಕಪ್ಪು ಕಲೆಯನ್ನು ಪೆಟ್ರೋಲು ಹಾಕಿ ಉಜ್ಜಿದ. ಎಣ್ಣೆ ಇರಬಹುದು. ಆ ಓಣಿಯಲ್ಲಿ ಎಲ್ಲವಕ್ಕೂ ಎಣ್ಣೆ ಮೆತ್ತಿರುತ್ತದೆ. ಎಣ್ಣೆ ಇಷ್ಟು ಬೇಗ ಒಣಗುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

ಬೆಳಿಗ್ಗೆ ಒಂಬತ್ತೂವರೆಗೆ ಪೇಟೆಯ ಕೆಳಭಾಗದ ಗುಜರಿ ಓಣಿಗಳಿಗೆ ಅವನೇ ಹೋಗಬೇಕಾಯಿತು. ಯಾವಾಗಲೂ ಹೋಗುತ್ತಿದ್ದವನು ಡೆಂಜಿಲ್, ಮಂಗಳೂರು ಕಡೆಯಿಂದ ಮೂವತ್ತು ವರ್ಷದ ಹಿಂದೆ ಬಂದು ಇಲ್ಲಿಯವನೇ ಆಗಿಹೋಗಿದ್ದ, ಕಾರ್ಖಾನೆಯ ಹಳೆಯ ಫಿಟ್ಟರ್. ಇವತ್ತು ಅವನ ತಮ್ಮನ ಮಗಳ ಮದುವೆ. ಓಣಿಯ ತುಂಬ ಬಾಗಿಲು, ಬಂಪರು, ಕಿತ್ತ ಕಣ್ಣಿನಂತೆ ವೈರು ಜೋತುಬಿದ್ದ ಹೆಡ್‌ಲೈಟುಗಳು. ಎಲ್ಲಿ ನೋಡಿದರೂ ಬಡಿತ, ಉಳಿ ಕಬ್ಬಿಣಕ್ಕೆ ಇಳಿಯುವ ಕಿರುಚಾಟ. ಮಧುಕರ ಒಂದು ಕೈಯನ್ನು ಫೋನಿದ್ದ ಜೇಬಿನ ಮೇಲೆ, ಇನ್ನೊಂದರಲ್ಲಿ ಹರಿದ ಬುಡ್ಡೆ ಹಿಡಿದು ನಡೆಯುತ್ತಿದ್ದ. ಕೆಂಪು ಟೋಪಿಯ ಸಣಕಲ ಮನುಷ್ಯನೊಬ್ಬ ಎದುರಾಗಿ, “ಬಾಸ್, ಏನು ಬೇಕು, ಕೊಡಿ ಇಲ್ಲಿ,” ಎಂದು ಬುಡ್ಡೆಯನ್ನು ತೆಗೆದುಕೊಂಡು, ತಿರುಗಿಸಿ ನೋಡಿ, ಮೂಗಿಗೆ ಹಿಡಿದು ಮೂಸಿ, “ಡಕಿಕಾ ಮೋಜಾ,” ಒಂದೇ ನಿಮಿಷ ಎಂದು ಸ್ವಾಹಿಲಿಯಲ್ಲಿ ಹೇಳಿದವನೇ ಅದರೊಡನೆ ಓಡಿಬಿಟ್ಟ. ತಿರುವಿನಲ್ಲಿ ಮಾಯವಾದ. ಮಧುಕರನ ಕೈ ಇನ್ನೂ ಚಾಚಿಯೇ ಇತ್ತು. ಆ ಮಾದರಿ ಇಲ್ಲದೆ ಬೇರೆಯದನ್ನು ಹುಡುಕುವುದೇ ಅಸಾಧ್ಯ. ಬರಿಗೈಯಲ್ಲಿ ಹೋದರೆ ಪುರುಷೋತ್ತಮ ಏನನ್ನುತ್ತಾರೆ, ಯಾರ ಮುಂದೆ ಅನ್ನುತ್ತಾರೆ, ಆಗ ಯಾರು ಯಾರು ನಗುತ್ತಾರೆ ಎಲ್ಲವೂ ಕಿವಿಯಲ್ಲಿ ಕೇಳತೊಡಗಿತು. ಕೂಗಬೇಕೆಂದುಕೊಂಡ. ಕೂಗಿದರೆ ಜನ ನೋಡುತ್ತಾರೆಂದು ಸುಮ್ಮನಾದ. ಕೂಗಲಾರದ ತನ್ನ ಮೇಲೇ ಸಿಟ್ಟು ಬಂತು. ಏಳು ನಿಮಿಷ ಆ ಒಂದು ಶಬ್ದ ಬಾಯಲ್ಲಿ ಕಲ್ಲಿನ ಹಾಗೆ ಕೂತಿತ್ತು. ಎಂಟನೆಯ ನಿಮಿಷಕ್ಕೆ ಪಕ್ಕದ ಓಣಿಯಿಂದ ಕೆಂಪು ಟೋಪಿ ಓಡುತ್ತಿರುವುದು ಕಂಡಿತು, ಮತ್ತು ಕಲ್ಲು ತಾನಾಗಿಯೇ ಹೊರಗೆ ಬಂತು. “ಮ್ವಿಝಿ.” ಕಳ್ಳ. ಎರಡು ಸಲ ಕೂಗಿದ. ಎರಡನೆಯ ಸಲ ಬೇಕಿರಲಿಲ್ಲ.

ಬಡಿತಗಳೆಲ್ಲ ಒಂದೇ ಕ್ಷಣಕ್ಕೆ ನಿಂತವು. ಅದು ಅವನಿಗೆ ಈಗಲೂ ಕೇಳುತ್ತಿತ್ತು, ಆ ನಿಲ್ಲುವಿಕೆ. ಮೊದಲ ಹೊಡೆತ ಒಂದು ಸ್ಪ್ಯಾನರಿನದು, ಬಾಯಿಗೆ. ಎರಡನೆಯದು ಯಾರದೆಂದು ಕಾಣಲಿಲ್ಲ. ಆಮೇಲೆ ಹೊಡೆತಗಳನ್ನು ಒಂದರಿಂದೊಂದು ಬಿಡಿಸಲಾಗುತ್ತಿರಲಿಲ್ಲ. ಮನುಷ್ಯನ ಮೈಯ ಮೇಲೆ ಕಬ್ಬಿಣ ಬಿದ್ದಾಗ ಸದ್ದು ಹೆಚ್ಚು ಬರುವುದಿಲ್ಲ, ಒದ್ದೆ ಗೋಣಿಚೀಲವನ್ನು ನೆಲಕ್ಕೆ ಕುಕ್ಕಿದ ಹಾಗೆ ಅಷ್ಟೆ. ಟೋಪಿ ಹಾರಿತು. ಅವನು ಬಿದ್ದ. ಬಿದ್ದವನು ತಲೆ ಮುಚ್ಚಿಕೊಳ್ಳಲಿಲ್ಲ. ಎರಡೂ ಕೈಯಿಂದ ಏನನ್ನೋ ಹೊಟ್ಟೆಗೆ ಅವುಚಿಕೊಂಡು ಮುದುಡಿದ. ಯಾರೋ ಒಂದು ಹಳೆಯ ಟಯರನ್ನು ಉರುಳಿಸಿಕೊಂಡು ಬಂದರು. ಅದು ಯಾತಕ್ಕೆಂದು ಈ ಊರಿನಲ್ಲಿ ಹನ್ನೆರಡು ವರ್ಷ ಕಳೆದವನಿಗೆ ಹೇಳಬೇಕಾಗಿರಲಿಲ್ಲ. ಮಧುಕರ ‘ನಿಲ್ಲಿಸಿ’ ಅನ್ನಲಿಲ್ಲ. ಜನ ಅವನಿಗೆ ನಡುವೆ ದಾರಿ ಬಿಟ್ಟುಕೊಟ್ಟರು, ಮಾಲಿನ ಯಜಮಾನನಲ್ಲವೆ, ಮದುವೆ ಮನೆಯಲ್ಲಿ ಬೀಗರಿಗೆ ಬಿಟ್ಟುಕೊಡುವ ಹಾಗೆ. ಆಗ ಒಂದು ಭಾರಿ ಮೈಯ ಹೆಂಗಸು, ಅಲ್ಲಿನ ಒಂದು ಅಂಗಡಿಯ ಮಾಮಾ ನ್ಯಾಂಬುರಾ, ಅಂದರೆ ನ್ಯಾಂಬುರಾ ಅಮ್ಮ ಅಂತೆ, ಚಹಾದ ಫ್ಲಾಸ್ಕನ್ನು ಹಿಡಿದುಕೊಂಡೇ ಬಂದು ಬಿದ್ದವನ ಮೇಲೆ ಅಡ್ಡಲಾಗಿ ಕೂತುಬಿಟ್ಟಳು. “ಮೊದಲು ನನ್ನನ್ನು ಸುಡಿ. ಇವನು ನನ್ನ ಅಂಗಡಿಯ ಮುಸ್ಯೋಕಾ. ಕಣ್ಣು ಕಾಣುವುದಿಲ್ಲವೇ ನಿಮಗೆ?” ಟಯರು ತಂದವನು ಅದನ್ನು ಗೋಡೆಗೆ ಒರಗಿಸಿ, ಕೈ ಒರೆಸಿಕೊಂಡು, ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಹೋದ. ಯಾರೋ ಒಬ್ಬ ಮುದುಕ ಮುಸ್ಯೋಕಾನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಒಳಗಿದ್ದುದನ್ನು ಮಧುಕರನ ಕೈಗೆ ಇಟ್ಟ. ಎರಡು ಬುಡ್ಡೆಗಳಿದ್ದವು. ಒಂದು ಹರಿದದ್ದು. ಇನ್ನೊಂದು ಅದಕ್ಕೆ ಸರಿಯಾಗಿ ಹೊಂದುವಂಥದ್ದು.

ಪೊಲೀಸರು ಬಂದು ಒಂದು ಹಾಳೆ ಚಾಚಿದರು. ಕಾರ್ಖಾನೆಯಲ್ಲಿ ಪ್ರತಿ ಕೆಲಸದ ಹಾಳೆಗೂ ಎರಡು ಸಹಿ: ಮಾಡಿದವರು, ಪರಿಶೀಲಿಸಿದವರು. ಎರಡನೆಯದು ಅವನದು, ನಟ್ಟನ್ನು ಮುಟ್ಟಿ ನೋಡದೆ ಅವನು ಸಹಿ ಹಾಕಿದವನಲ್ಲ, ಅದಕ್ಕಾಗಿ ಬೈಸಿಕೊಂಡಿದ್ದೂ ಉಂಟು. ಈ ಹಾಳೆಗೆ ಓದದೆ ಸಹಿ ಹಾಕಿದ. ಫೋನ್ ನಂಬರು ಬರೆದ. ಆಮೇಲೆ ಸೀದಾ ಇಲ್ಲಿಗೆ ಬಂದು ಮಲಗಿ ಕೆಲಸ ಶುರುಮಾಡಿದ. ಇದೇ ಅವನಿಗೆ ಅರ್ಥವಾಗುತ್ತಿರಲಿಲ್ಲ. ಮನುಷ್ಯನಾದವನು ಒಂದು ಕಡೆ ಕೂರುತ್ತಾನೆ, ವಾಂತಿ ಮಾಡುತ್ತಾನೆ. ತಾನು ಹತ್ತನೆಯ ನಂಬರಿನ ಸ್ಪ್ಯಾನರು ಹುಡುಕಿದ್ದ.

ಒಂದೂವರೆಗೆ ಡೆಂಜಿಲ್ ಫೋನು ಮಾಡಿದ್ದ. ಹಿಂದೆ ಬ್ಯಾಂಡಿನ ಸದ್ದು. “ನೀವು ಎಂತ ಮಾಡಿದ್ದು ಮಾರಾಯ್ರೆ. ಮಾಮಾ ನ್ಯಾಂಬುರಾ ನಂಗೆ ಫೋನ್ ಮಾಡಿ ಅಳ್ತಾ ಇದ್ದಾಳೆ. ಅಲ್ಲಿ ಕೆಲಸ ಆಗುದೇ ಹಾಗೆ. ಸ್ಯಾಂಪಲ್ ತಗೊಂಡು ಓಡ್ತಾರೆ, ಹತ್ತು ಅಂಗಡಿ ತಿರುಗಿ ಮ್ಯಾಚ್ ಮಾಡಿ ತರ್ತಾರೆ. ಮತ್ತೊಬ್ಬ ಬ್ರೋಕರ್ ಮೊದಲು ತಂದ್ರೆ ಗಿರಾಕಿ ಹೋಯ್ತಲ್ಲ, ಅದಕ್ಕೆ ಓಡುದು. ಹನ್ನೆರಡು ವರ್ಷ ಇದ್ದು ನಿಮಗೆ ಇದು ಗೊತ್ತಿಲ್ವಾ?” ಗೊತ್ತಿರಲಿಲ್ಲ. ಕಾರ್ಖಾನೆ, ಅಪಾರ್ಟ್‌ಮೆಂಟು, ವೆಸ್ಟ್‌ಲ್ಯಾಂಡ್ಸಿನ ದರ್ಶಿನಿಯಂಥ ಹೋಟೆಲು, ತಿಂಗಳಿಗೊಮ್ಮೆ ಕನ್ನಡದವರ ಭಜನೆ. ಬೇಕಾದ್ದನ್ನು ಡೆಂಜಿಲ್ ತಂದುಕೊಡುತ್ತಿದ್ದ. “ಬದುಕಿದ್ದಾನಾ?” ಎಂದು ಕೇಳಿದಾಗ ಮಧುಕರನಿಗೆ ತನ್ನ ದನಿಯೇ ಪರಕೀಯವಾಗಿ ಕೇಳಿತು. “ಇದ್ದಾನೆ. ಪಕ್ಕೆ ಎರಡು ಮುರಿದಿದೆ, ಹಲ್ಲು ಹೋಗಿದೆ. ಸರ್ಕಾರಿ ಆಸ್ಪತ್ರೆಲಿ ಬೆಡ್ಡಿಗೆ ಬೇಡಿ ಹಾಕಿ ಮಲಗಿಸಿದ್ದಾರೆ. ನಿಮ್ಮ ಸಹಿ ಉಂಟಲ್ಲ ಕಂಪ್ಲೇಂಟಿಗೆ. ಇವತ್ತು ಆರು ಗಂಟೆ ಒಳಗೆ ಹೋಗಿ ಕಳ್ಳ ಅಲ್ಲ ಅಂತ ಹೇಳಿ. ಸಂಜೆ ಸ್ಟೇಷನಿಗೆ ಹಾಕಿದ್ರೆ ಸೋಮವಾರ ಕೋರ್ಟು, ಆಮೇಲೆ ಜೈಲು. ಮುರಿದ ಪಕ್ಕೆ ಇಟ್ಕೊಂಡು.” “ಹೋಗ್ತೀನಿ,” ಅಂದಿದ್ದ. ಈಗ ಮೂರೂವರೆ.

ಎರಡು ಪಕ್ಕೆ. ಅದರಲ್ಲಿ ಒಂದು ನನ್ನದೇ, ಎಂದು ಅವನು ಬುಡ್ಡೆಯ ಪಟ್ಟಿಗೆ ಬೋಲ್ಟು ತಿರುಗಿಸುತ್ತ ಎಣಿಸಿದ. ಅದನ್ನು ಡೆಂಜಿಲ್‌ಗೆ ಹೇಳಿರಲಿಲ್ಲ. ದಾರಿ ಬಿಟ್ಟುಕೊಟ್ಟಾಗ ಅವನು ಆ ದಾರಿಯಲ್ಲಿ ನಡೆದಿದ್ದ. ಮುಸ್ಯೋಕಾ ಅವನನ್ನು ಕಂಡು, ರಕ್ತ ತುಂಬಿದ ಬಾಯನ್ನು ತೆರೆದು, ಹೊಟ್ಟೆಗೆ ಅವುಚಿದ್ದ ಕೈಯನ್ನು ಸ್ವಲ್ಪ ಸಡಿಲಿಸಿ ತೋರಿಸಲು ಹೋದ. ಆಗ ಮಧುಕರ ಒದ್ದ. ಕಾರ್ಖಾನೆ ಕೊಟ್ಟ, ಮುಂದೆ ಉಕ್ಕಿನ ಕವಚವಿರುವ ಸೇಫ್ಟಿ ಬೂಟಿನಿಂದ, ಪಕ್ಕೆಗೆ. ಒಂದೇ ಸಲ. ತುಕ್ಕು ಹಿಡಿದು ವರ್ಷಗಟ್ಟಲೆ ಕದಲದ ನಟ್ಟು ಕೊನೆಗೂ ಬಿಟ್ಟುಕೊಟ್ಟಾಗ ಭುಜದಿಂದ ಬೆನ್ನಿಗೆ ಇಳಿಯುವ ಒಂದು ಸುಖವಿದೆಯಲ್ಲ, ಅದು ಕಾಲಿನಿಂದ ಎದೆಗೆ ಏರಿತು. ಯಾರೂ ನಗಲಿಲ್ಲ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಸುತ್ತ ನಿಂತವರು ಅವನನ್ನು ನೋಡಿ ನಗಲಿಲ್ಲ. ಇನ್ನೊಂದು ಒದೆಯಲು ಕಾಲು ಎತ್ತಿಯೂ ಇದ್ದ. ಅಷ್ಟರಲ್ಲಿ ಆ ಹೆಂಗಸು ಬಂದಳು. ಅವಳು ಬರದಿದ್ದರೆ ಎಂದು ಯೋಚಿಸುವಲ್ಲಿ ಮನಸ್ಸು ನಿಲ್ಲುತ್ತಿತ್ತು, ಮತ್ತೆ ಹಿಂದಕ್ಕೆ ಹೋಗುತ್ತಿತ್ತು, ಕೂಗಿದ ಕ್ಷಣಕ್ಕೆ. ಕೆಂಪು ಟೋಪಿ ಓಡುತ್ತಿತ್ತು, ಸರಿ. ಯಾವ ಕಡೆಗೆ? ಎಡದಿಂದ ಬಲಕ್ಕೆ ಎಂದು ಮೊದಲು ಹೇಳಿಕೊಂಡ. ಸುಳ್ಳು. ಮುಖ ಕಂಡಿತ್ತು. ಓಡಿ ಹೋಗುವವನ ಮುಖ ಕಾಣುವುದಿಲ್ಲ. ಅವನು ಎದುರಿಗೆ ಓಡಿ ಬರುತ್ತಿದ್ದ, ಒಂದು ಕೈ ಮೇಲೆತ್ತಿ, ಸಿಕ್ಕಿತು ಎಂಬಂತೆ. ಅದನ್ನು ನೋಡಿದ ಮೇಲೆ ಕೂಗಿದೆನೋ, ಕೂಗಿದ ಮೇಲೆ ನೋಡಿದೆನೋ? ಬೋಲ್ಟು ಬಿಗಿಯಾಗಿ ಆಗಿತ್ತು. ಅವನು ಇನ್ನೂ ತಿರುಗಿಸುತ್ತಲೇ ಇದ್ದ, ತಲೆ ಕಿತ್ತು ಬರುವವರೆಗೆ.

ಬೇರೆ ಬೋಲ್ಟು ಹಾಕಿ ಮುಗಿಸುವಾಗ ನಾಲ್ಕು ಗಂಟೆ. “ಸರ್, ಆಯ್ತು. ನಾನು ಸ್ವಲ್ಪ ಹೊರಗೆ ಹೋಗ್ಬೇಕು,” ಅಂದ. “ಎಲ್ಲಿಗ್ರೀ? ಟೆಸ್ಟ್ ಯಾರು ಮಾಡ್ತಾರೆ, ನಿಮ್ಮ ಪ್ರಿನ್ಸಿಪಾಲಾ? ಹತ್ತಿ,” ಎಂದು ಪುರುಷೋತ್ತಮ ಆಗಲೇ ಸ್ಟಿಯರಿಂಗ್ ಹಿಡಿದಿದ್ದರು. ಹತ್ತಿದ. ಗಾಡಿ ಸದರ್ನ್ ಬೈಪಾಸಿಗೆ ಬಂತು. ಹಿಂದೆ ಪಾತ್ರೆಗಳು ಅಲುಗುತ್ತಿದ್ದವು. ಎಂಬತ್ತಕ್ಕೆ ಬಂದಾಗ ಪುರುಷೋತ್ತಮ ಗುಂಡಿ ಒತ್ತಿ, ನಂಬದೆ, ನಿಧಾನವಾಗಿ ಕಾಲೆತ್ತಿದರು. ಗಾಡಿ ಎಂಬತ್ತರಲ್ಲೇ ಓಡಿತು. ಅವರು ಎರಡು ಕಾಲುಗಳನ್ನೂ ಹಿಂದಕ್ಕೆಳೆದುಕೊಂಡು ಮಗುವಿನ ಹಾಗೆ ನಕ್ಕರು. “ಪರವಾಗಿಲ್ಲಯ್ಯ. ಕತ್ತಲಲ್ಲಿ ಕಲಿತರೂ ಕಲಿತಿದ್ದೀಯ.” ಆ ಹೊಗಳಿಕೆಗೆ ಮಧುಕರನ ಎದೆ ಒಂದು ಕ್ಷಣ ಬಾಲ ಅಲ್ಲಾಡಿಸಿತು. ಅದನ್ನು ಕಂಡು ಅವನಿಗೆ ಎಂಥ ಹೇಸಿಗೆಯಾಯಿತೆಂದರೆ, ಆ ಹೇಸಿಗೆಯಿಂದಲೇ ಎಲ್ಲ ಹೇಳಿದ. ಎಲ್ಲ ಅಲ್ಲ. ಕೂಗಿದ್ದು, ಜನ ಹೊಡೆದದ್ದು, ಬೇಡಿ, ಆರು ಗಂಟೆ.

ಪುರುಷೋತ್ತಮ ರಸ್ತೆ ನೋಡುತ್ತಲೇ ಕೇಳಿದರು. “ಹೋಗ್ಬೇಡಿ.”

“ಸರ್, ಅವನು ಕದ್ದಿಲ್ಲ.”

“ಇರಬಹುದು. ನೀವು ಈಗ ಹೋಗಿ ಸುಳ್ಳು ಕಂಪ್ಲೇಂಟ್ ಕೊಟ್ಟೆ ಅಂದ್ರೆ ಕೇಸು ನಿಮ್ಮ ಮೇಲೆ ತಿರುಗತ್ತೆ. ಆಮೇಲೆ ಕಂಪನಿ ಹೆಸರು. ನಿಮ್ಮ ವರ್ಕ್ ಪರ್ಮಿಟ್ ಫೈಲು ನನ್ನ ಟೇಬಲ್ ಮೇಲಿದೆ, ಅದಕ್ಕೆ ನಾನೇ ಲೆಟರ್ ಹಾಕ್ಬೇಕು, ನೆನಪಿರಲಿ. ಅಲ್ಲಿ ದಿನಾ ಇಂಥದು ಹತ್ತಾಗತ್ತೆ. ನೀವೇನು ಹೊಡೆದ್ರಾ?”

“ಸರ್, ಗಾಡಿ ನಿಲ್ಲಿಸಿ.”

“ಕ್ರೂಸಲ್ಲಿದೆ ಕಣ್ರೀ,” ಎಂದು ನಕ್ಕು ಪುರುಷೋತ್ತಮ ಕಾಲು ಇನ್ನಷ್ಟು ಹಿಂದಕ್ಕೆಳೆದುಕೊಂಡರು.

ಮಧುಕರ ಬಗ್ಗಿ ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ, ಒಂದು ಗಂಟೆಯ ಹಿಂದೆ ತಾನೇ ಜೋಡಿಸಿದ್ದ ವೈರನ್ನು ಕಿತ್ತ. ಎಂಜಿನ್ ಉಸಿರು ಬಿಟ್ಟಂತೆ ಗಾಡಿ ಬಳಲಿತು; ಹಿಂದಿದ್ದ ಲಾರಿ ಹಾರ್ನು ಹೊಡೆಯುತ್ತ ಕನ್ನಡಿಯನ್ನು ಸವರಿಕೊಂಡು ಹೋಯಿತು. ಪುರುಷೋತ್ತಮ ಹೇಗೋ ಅಂಚಿಗೆ ತಂದು ನಿಲ್ಲಿಸಿ, ಅವನ ಕೆನ್ನೆಗೆ ಬಾರಿಸಿದರು. ಮತ್ತೆ ಬಾರಿಸಿದರು. “ಸಾಯಿಸ್ತೀಯೇನೋ ನನ್ನ, ಭಿಕಾರಿ.” ಉಂಗುರ ತಾಗಿ ತುಟಿ ಒಡೆಯಿತು. ಮಧುಕರ ಮುಖ ತಿರುಗಿಸಲಿಲ್ಲ. ಇನ್ನೂ ಹೊಡೆಯಲಿ ಎಂದು ಕಾದ. ಆದರೆ ಇದು ಬೇರೆಯೇ ಹೊಡೆತ, ಬೇರೆ ಯಾವುದಕ್ಕೋ ಸಂದದ್ದು, ಇದರಿಂದ ಅದು ತೀರುವುದಿಲ್ಲ ಎಂದು ತಿಳಿದಾಗ ಬಾಗಿಲು ತೆಗೆದು ಇಳಿದ. ರಸ್ತೆಯಂಚಿನಲ್ಲಿ ಬಹಳ ದೂರ ನಡೆದ ಮೇಲೆ ಒಬ್ಬ ಬೈಕಿನವನು ನಿಲ್ಲಿಸಿದ. ಅವನು ಮಧುಕರನ ತುಟಿ ನೋಡಿ “ಪೋಲೆ,” ಅಯ್ಯೋ ಪಾಪ ಅಂದು, ಆಸ್ಪತ್ರೆಗೆ ಎಂದಾಗ ಗುಂಡಿಗಳನ್ನು ತಪ್ಪಿಸುತ್ತ ಜೋಪಾನವಾಗಿ ಓಡಿಸಿದ.

ಸರ್ಕಾರಿ ಆಸ್ಪತ್ರೆಯ ಆ ಉದ್ದನೆಯ ವಾರ್ಡಿನಲ್ಲಿ ಐದೂಕಾಲರ ಬಿಸಿಲು ಹಾಸಿಗೆಗಳ ಮೇಲೆ ಬಿದ್ದಿತ್ತು. ಮುಸ್ಯೋಕಾನನ್ನು ಗುರುತಿಸಿದ್ದು ಬೇಡಿಯಿಂದ. ಮುಖ ಮುಖದ ಹಾಗಿರಲಿಲ್ಲ. ಒಂದು ಕಣ್ಣು ಮುಚ್ಚಿಹೋಗಿತ್ತು, ಇನ್ನೊಂದು ಅವನು ಬಾಗಿಲಲ್ಲಿ ಕಾಣಿಸಿದ ಕ್ಷಣದಿಂದ ಅವನನ್ನೇ ನೋಡಿತು. ಹಾಸಿಗೆಯ ಬುಡದಲ್ಲಿ ತಲೆಗೆ ಹಸಿರು ವಸ್ತ್ರ ಕಟ್ಟಿದ್ದ ಹೆಂಗಸು, ಹೆಂಡತಿ ಮ್ವಿಕಾಲಿ. ಪಕ್ಕದ ಸ್ಟೂಲಿನಲ್ಲಿ ಮಹಿಳಾ ಪೇದೆಯೊಬ್ಬಳು ಬೂಟು ಬಿಚ್ಚಿ ಪಾದ ಒತ್ತಿಕೊಳ್ಳುತ್ತಿದ್ದಳು. ಮಧುಕರ ತನ್ನ ಹೆಸರು ಹೇಳಿ, ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಜೋಡಿಸಿಕೊಂಡ ವಾಕ್ಯಗಳನ್ನು ಒಪ್ಪಿಸಿದ: ಇವನು ಕದಿಯಲಿಲ್ಲ, ನಾನೇ ಕೊಟ್ಟೆ, ಕೂಗಿದ್ದು ನನ್ನ ತಪ್ಪು. ಪೇದೆ ಬೂಟು ಹಾಕಿಕೊಳ್ಳದೆಯೇ ಬರೆದುಕೊಂಡಳು.

“ತಪ್ಪು ಅಂತೀರಿ. ಸರಿ, ಕಂಪ್ಲೇಂಟು ಹಿಂದಕ್ಕೆ. ಹೊಡೆದವರಲ್ಲಿ ಯಾರನ್ನಾದರೂ ಗುರುತಿಸುತ್ತೀರಾ?”

ಇದನ್ನು ಅವನು ನಿರೀಕ್ಷಿಸಿರಲಿಲ್ಲ, ಅಥವಾ ಇದೊಂದನ್ನೇ ನಿರೀಕ್ಷಿಸಿದ್ದ. ಬಾಯಿ ತೆರೆದ. ಬೈಕಿನ ಮೇಲೆ ಕೂತು ಬರುವಾಗ ಇದು ಎಷ್ಟು ಸುಲಭವಾಗಿತ್ತು. ಹೌದು, ಒಬ್ಬನನ್ನು ಗುರುತಿಸುತ್ತೇನೆ, ಅನ್ನಬೇಕು ಅಷ್ಟೆ. ಪೇದೆಯ ಪೆನ್ನು ಕಾಗದದ ಮೇಲೆ ಕಾದಿತ್ತು. ಅವಳ ಸೊಂಟದಲ್ಲಿ ಬೇಡಿಯ ಕೀಲಿ, ಅದೇ ಗೊಂಚಲಿನಲ್ಲಿ ಇನ್ನೂ ನಾಲ್ಕು ಕೀಲಿ. “ಇಲ್ಲ,” ಅಂದ.

“ನೀನು?” ಪೇದೆ ಹಾಸಿಗೆಯ ಕಡೆ ತಿರುಗಿದಳು. ತೆರೆದಿದ್ದ ಒಂದು ಕಣ್ಣು ಮಧುಕರನ ಮೇಲೆ ನಿಧಾನವಾಗಿ ನಿಂತಿತು. ಅದರಲ್ಲಿ ದ್ವೇಷವಿದ್ದಿದ್ದರೆ ಹಿಡಿದುಕೊಳ್ಳಬಹುದಿತ್ತು. ಅದು ಅವನನ್ನು ಅಳೆಯಿತು, ಒಂದು ಭಾಗ ಇನ್ನೊಂದಕ್ಕೆ ಹೊಂದುತ್ತದೋ ಇಲ್ಲವೋ ಎಂದು ಅಳೆಯುವ ಹಾಗೆ. ಈ ಮನುಷ್ಯನ ಮಾತು ಕೆಟ್ಟರೆ ಬೇಡಿ ಬಿಚ್ಚುವುದಿಲ್ಲ ಎಂಬ ಲೆಕ್ಕ ಅದಕ್ಕೆ ಸ್ಪಷ್ಟವಾಗಿ ತಿಳಿದಿತ್ತು. “ಜನ ಬಹಳ ಇದ್ದರು, ಅಫಾಂಡೆ,” ಸಾಹೇಬರೆ, ಎಂದಿತು ಹಲ್ಲಿಲ್ಲದ ಬಾಯಿ. “ಯಾರೂ ಗೊತ್ತಾಗಲಿಲ್ಲ.”

ಪೇದೆ ಬೇಡಿ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿ, ಬೂಟು ತೊಟ್ಟು ಹೋದಳು. ಅಷ್ಟೇ. ಸಂಜೆಯ ಗಂಜಿಯ ಬಂಡಿ ಬಂತು. ಮ್ವಿಕಾಲಿ ಎದ್ದು ಬಂದು ಮಧುಕರನ ಎರಡೂ ಕೈಗಳನ್ನು ತನ್ನ ಒರಟು ಕೈಗಳೊಳಗೆ ತೆಗೆದುಕೊಂಡಳು. ಒಡೆದ ತುಟಿ ನೋಡಿದಳು. ತನ್ನ ಗಂಡನನ್ನು ಬಿಡಿಸಲು ಹೋಗಿ ಆದ ಪೆಟ್ಟು ಎಂದುಕೊಂಡಳೋ ಏನೋ, ಕಣ್ಣುಗಳು ತುಂಬಿಕೊಂಡವು. “ಅಸಾಂಟೆ. ಅಸಾಂಟೆ ಸಾನಾ,” ಅಂದಳು. ಉಪಕಾರವಾಯಿತು, ದೊಡ್ಡ ಉಪಕಾರವಾಯಿತು. ಕೈ ಬಿಡಿಸಿಕೊಳ್ಳಲು ನೋಡಿದ. ಅವಳು ಬಿಡಲಿಲ್ಲ. ಒದೆಯುವುದಕ್ಕೆ ಸ್ವಾಹಿಲಿಯಲ್ಲಿ ಏನೆನ್ನುತ್ತಾರೆ? ಹನ್ನೆರಡು ವರ್ಷದಲ್ಲಿ ಕಲಿತದ್ದು ಬಾ, ಹೋಗು, ಬೇಗ, ಎಷ್ಟು. ಮತ್ತು ಇವತ್ತು ಬೆಳಿಗ್ಗೆ ಕೂಗಿದ ಅದೊಂದು ಶಬ್ದ. ಇಂಗ್ಲಿಷಿನಲ್ಲಿ ಹೇಳಿದರೆ ಪಕ್ಕದ ಹಾಸಿಗೆಯವನಿಗೂ ತಿಳಿಯುತ್ತಿತ್ತು. ಅದು ಗೊತ್ತಿದ್ದೇ ಅವನು ತಲೆ ತಗ್ಗಿಸಿ, ಬಹಳ ಮೆಲ್ಲಗೆ, ಕನ್ನಡದಲ್ಲಿ ಹೇಳಿದ.

“ನಾನೂ ಒದ್ದೆ ಕಣಮ್ಮ. ಬಿದ್ದಿದ್ದ ಇವನು. ತಂದಿದ್ದೀನಿ ಅಂತ ತೋರಿಸೋಕೆ ಬಂದ. ಗೊತ್ತಿದ್ದೂ ಒದ್ದೆ. ಇನ್ನೊಂದ್ಸಲ ಒದೀಬೇಕು ಅಂತಲೂ ಇತ್ತು.”

ಮ್ವಿಕಾಲಿ ಕಣ್ಣು ಮುಚ್ಚಿ, ತಲೆ ಬಾಗಿಸಿ, ಅವನು ಮುಗಿಸುವವರೆಗೂ ಶ್ರದ್ಧೆಯಿಂದ ಕಾದಳು. ಆಮೇಲೆ “ಆಮೆನ್” ಅಂದಳು. ಪಕ್ಕದ ಹಾಸಿಗೆಯವನೂ ಅಂದ. ಮುಸ್ಯೋಕಾ ಅನ್ನಲಿಲ್ಲ.